ಅಂಗೈಯಗಲದ ಮರದಲ್ಲಿ ಡ್ಯೂರರ್‌ನ ಮುಖ

ಜರ್ಮನಿಯ ಬ್ರೌನ್‌ಷ್ವೈಗ್ ನಗರದ ಹೆರ್ಜೋಗ್ ಆಂಟನ್ ಉಲ್ರಿಷ್ ಸಂಗ್ರಹಾಲಯದಲ್ಲಿ, ಚಿತ್ರಕಾರ ಆಲ್ಬ್ರೆಷ್ಟ್ ಡ್ಯೂರರ್‌ನ ಪಕ್ಕನೋಟವನ್ನು ಕೆತ್ತಿದ, ಆರು ಸೆಂಟಿಮೀಟರಿಗೆ ಹತ್ತಿರದ ಅಗಲವಿರುವ ದುಂಡನೆಯ ಮರದ ಉಬ್ಬುಶಿಲ್ಪವಿದೆ. 1520ರ ಸುಮಾರಿಗೆ ಅದನ್ನು ಬಾಕ್ಸ್‌ವುಡ್ ಮರದಲ್ಲಿ ಮಾಡಿದವನು ಆಗ್ಸ್‌ಬರ್ಗಿನ ಹಾನ್ಸ್ ಶ್ವಾರ್ಟ್ಸ್. ತನ್ನ ಮುಖವನ್ನು ಮಾಡಿಕೊಟ್ಟದ್ದಕ್ಕಾಗಿ ಎರಡು ಚಿನ್ನದ ನಾಣ್ಯಗಳನ್ನು ಫುಗ್ಗರ್ ವರ್ತಕರ ಮೂಲಕ ಅವನಿಗೆ ಕಳುಹಿಸಿದುದನ್ನು ಡ್ಯೂರರ್ ತನ್ನ ನೆದರ್ಲ್ಯಾಂಡ್ಸ್ ಪ್ರವಾಸದ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಸಾಗರದಲ್ಲಿ ಗಂಧದ ಕೆತ್ತನೆ ಕಲಿತ ನಾನು ಆ ಶಿಲ್ಪವನ್ನು ನೋಡಿ ಬಂದ ಮೇಲೆ, ಅದರ ಕ್ರಮವನ್ನು ಕೈಯಿಂದಲೇ ತಿಳಿಯಬೇಕೆಂದು ಒಂದು ಪ್ರತಿ ಮಾಡಲು ಕುಳಿತೆ.

ಬಾಕ್ಸ್‌ವುಡ್ ಸಿಗದ ಕಾರಣ ಅರಿಶಿನ ತೇಗದ ತುಂಡನ್ನು ಆರಿಸಿಕೊಂಡೆ. ಅದರ ಎಳೆ ನಯವಾಗಿದ್ದು ಸಣ್ಣ ಗೆರೆಯನ್ನೂ ಹಿಡಿದಿಡುತ್ತದೆ. ಮೊದಲು ಕಾಗದದ ಮೇಲೆ ಮುಖದ ಹೊರಗೆರೆ ಬರೆದು, ಮರಕ್ಕೆ ಇಳಿಸಿ, ಸುತ್ತಲಿನ ನೆಲವನ್ನು ತಗ್ಗಿಸಿದೆ. ನಾಲ್ಕು ಸೆಂಟಿಮೀಟರ್ ಎತ್ತರದ ತಲೆಗೆ ನಿಜವಾದ ಅಳತೆಯಂತೆ ಸುಮಾರು ಹದಿಮೂರು ಮಿಲಿಮೀಟರ್ ಉಬ್ಬು ಬೇಕು, ನನಗಿದ್ದದ್ದು ನಾಲ್ಕೇ ಮಿಲಿಮೀಟರ್. ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಅದುಮಿದರೆ ಮುಖ ಸಪ್ಪೆಯಾಗುತ್ತದೆ. ಕೆನ್ನೆಯನ್ನು ಹೆಚ್ಚು ಚಪ್ಪಟೆ ಮಾಡಿ, ಮೂಗಿನ ಹೊಳ್ಳೆ ಮತ್ತು ಕಣ್ಣಿನ ಮೂಲೆಗೆ ಹೆಚ್ಚು ಆಳ ಉಳಿಸಬೇಕು. ಇದನ್ನು ತಿಳಿಯುವಷ್ಟರಲ್ಲಿ ಎರಡು ತುಂಡು ಹಾಳಾದವು.

ಕಣ್ಣಿನಲ್ಲಿ ನನ್ನ ಅಭ್ಯಾಸವೇ ಅಡ್ಡ ಬಂತು. ನಮ್ಮ ದೇವರ ವಿಗ್ರಹಗಳಲ್ಲಿ ಕಣ್ಣು ಮೀನಿನಾಕಾರದಲ್ಲಿ ಎದುರಿಗೆ ತೆರೆದಿರುತ್ತದೆ. ಕೈ ಅದನ್ನೇ ಬಿಡಿಸಿತು. ಪಕ್ಕನೋಟದಲ್ಲಿ ಕಾಣುವುದಾದರೋ ಮೂಗಿನ ಕಡೆಗೆ ತೆರೆದ ಸಣ್ಣ ತ್ರಿಕೋನ. ವಿಗ್ರಹದ ಅಂಗಗಳಿಗೆ ಅಳತೆ ಗೊತ್ತುಮಾಡುವ ತಾಳಮಾನದ ಲೆಕ್ಕವೂ ಇಲ್ಲಿ ನೆರವಾಗಲಿಲ್ಲ, ಏಕೆಂದರೆ ಆ ಶಿಲ್ಪಿಗೆ ಬೇಕಾಗಿದ್ದುದು ಎಲ್ಲರಿಗೂ ಒಪ್ಪುವ ಮುಖವಲ್ಲ, ಆ ಒಬ್ಬ ಮನುಷ್ಯನ ಮುಖ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಕೂದಲು. ಗಂಧದಲ್ಲಿ ನಾವು ಬಳ್ಳಿ, ಜಡೆಗಳ ಅಡಿಯನ್ನು ಒಳಗೆ ಕೊರೆದು ನೆರಳು ತರುತ್ತೇವೆ. ಇಲ್ಲಿಯೂ ಹಾಗೆಯೇ ಮಾಡಿದೆ, ನೋಡಲು ಬಹಳ ಚೆನ್ನಾಗಿತ್ತು. ಆದರೆ ಇಂಥ ಉಬ್ಬುಶಿಲ್ಪ ಲೋಹದ ಪದಕ ಎರೆಯಲು ಮಾಡುವ ಮಾದರಿ. ಇಟಲಿಯವರು ಪದಕದ ಮಾದರಿಯನ್ನು ಮೇಣದಲ್ಲಿ ಮಾಡುತ್ತಿದ್ದರೆ, ಜರ್ಮನ್ನರು ಮರ ಅಥವಾ ನಯವಾದ ಕಲ್ಲಿನಲ್ಲಿ ಕೆತ್ತಿ, ಅದರಿಂದ ಅಚ್ಚು ತೆಗೆದು ಲೋಹ ಎರೆಯುತ್ತಿದ್ದರು. ನನ್ನ ಕೆತ್ತನೆಯನ್ನು ಒದ್ದೆ ಜೇಡಿಮಣ್ಣಿಗೆ ಒತ್ತಿ ಎತ್ತಿದಾಗ, ಕೂದಲಿನ ಅಡಿಯಲ್ಲಿ ಸಿಕ್ಕಿಕೊಂಡ ಮಣ್ಣು ಕಿತ್ತುಬಂದು ಅಚ್ಚು ಒಡೆಯಿತು. ಶ್ವಾರ್ಟ್ಸ್‌ನ ಕೂದಲಿನ ಎಳೆಗಳು ಅಷ್ಟು ತುಂಬಿಕೊಂಡಂತೆ ಕಂಡರೂ ಏಕೆ ಎಲ್ಲೂ ಒಳಕ್ಕೆ ಸರಿಯುವುದಿಲ್ಲ ಎಂಬುದು ಆಗ ಅರ್ಥವಾಯಿತು.

ಹೊಸ ತುಂಡಿನಲ್ಲಿ ಪ್ರತಿ ಅಂಚನ್ನೂ ಹೊರಕ್ಕೆ ಇಳಿಜಾರಾಗಿ ಬಿಟ್ಟು, ನೆರಳಿಗಾಗಿ ಆಳದ ಬದಲು ಎಳೆಗಳ ನಡುವಿನ ಗೀರನ್ನು ಚೂಪು ಮಾಡಿದೆ. ದೀಪವನ್ನು ಪಕ್ಕದಿಂದ ತಗ್ಗಾಗಿ ಇಟ್ಟು ನೋಡುತ್ತಾ ಹನ್ನೊಂದು ದಿನ ಕೆಲಸ ಮಾಡಿದೆ. ಮಣ್ಣಿಗೆ ಒತ್ತಿದಾಗ ಮರ ಸರಾಗವಾಗಿ ಮೇಲೆದ್ದಿತು. ಅಚ್ಚಿನೊಳಗೆ ಡ್ಯೂರರ್‌ನ ಮೂಗಿನ ಮೇಲಿನ ಸಣ್ಣ ಉಬ್ಬು ತಗ್ಗಾಗಿ, ಒಂದು ಕಣವೂ ಕಳೆಯದೆ ಮೂಡಿತ್ತು.