ಉದ್ಧರಣ ಚಿಹ್ನೆ ಬಂದಾಗ ಪಿಎಚ್‌ಪಿ ಪುಟ ಕೆಡದಂತೆ

ಕುಂಬಳೆ ಕಡೆಯ ಯಕ್ಷಗಾನ ಸಂಘವೊಂದಕ್ಕೆ ಕನ್ನಡ, ಮಲಯಾಳಂ ಎರಡರಲ್ಲೂ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಜಾಲತಾಣ ಮಾಡುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಪ್ರಸಂಗದ ಹೆಸರು ಕೇಳಿದಲ್ಲಿ ಯಾರೋ 'ಪಂಚವಟಿ' & 'ವಾಲಿವಧೆ' ಎಂದು ತುಂಬಿಸುತ್ತಾರೆ. ಅದನ್ನು ಹಾಗೆಯೇ ಎಸ್‌ಕ್ಯುಎಲ್ (ಡೇಟಾಬೇಸ್‌ಗೆ ಆಜ್ಞೆ ಕೊಡುವ ಭಾಷೆ) ಸಾಲಿಗೆ ಅಂಟಿಸಿದರೆ ಆ ಒಂಟಿ ಉದ್ಧರಣ ಚಿಹ್ನೆಯಲ್ಲೇ ಸ್ಟ್ರಿಂಗ್ (ಪಠ್ಯದ ತುಣುಕು) ಮುಗಿಯುತ್ತದೆ. ಮುಂದಿನದನ್ನೆಲ್ಲ ಡೇಟಾಬೇಸ್ ಆಜ್ಞೆ ಎಂದು ಓದುತ್ತದೆ.

ಇದನ್ನು ತಡೆಯಲು ಪಿಎಚ್‌ಪಿಯ ಆಡ್‌ಸ್ಲಾಶಸ್ ಫಂಕ್ಷನ್ ಬಳಸಬೇಡಿ. ಒಂಟಿ ಮತ್ತು ಜೋಡಿ ಉದ್ಧರಣ, ಬ್ಯಾಕ್‌ಸ್ಲಾಶ್, ನಲ್ ಬೈಟ್ ಈ ನಾಲ್ಕಕ್ಕೆ \ ಸೇರಿಸುವುದಷ್ಟೇ ಅದರ ಕೆಲಸ. ಡೇಟಾಬೇಸ್ ಸಂಪರ್ಕದ ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಯಾವುದೆಂದು ಅದು ನೋಡುವುದಿಲ್ಲ. ಮೈಎಸ್‌ಕ್ಯುಎಲ್‌ಐ_ರಿಯಲ್_ಎಸ್ಕೇಪ್_ಸ್ಟ್ರಿಂಗ್ ನೋಡುತ್ತದೆ, ಆದರೆ ಮೊದಲು ಸೆಟ್_ಚಾರ್‌ಸೆಟ್ ಕರೆದು ಯುಟಿಎಫ್8ಎಂಬಿ4 ಕೊಟ್ಟಿರಬೇಕು. ಅದೂ ಉದ್ಧರಣದೊಳಗಿನ ಮೌಲ್ಯಕ್ಕೆ ಮಾತ್ರ ರಕ್ಷಣೆ. ಉದ್ಧರಣವಿಲ್ಲದೆ ಬರೆದ ಐಡಿ ಸಂಖ್ಯೆಗೆ ಇಲ್ಲ. ಹೊಸದಾಗಿ ಬರೆಯುವವರು ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸುವುದೇ ಸರಿ. ಸಾಲಿನಲ್ಲಿ ? ಇಟ್ಟು ಮೌಲ್ಯವನ್ನು ಬೇರೆಯಾಗಿ ಕಳುಹಿಸಿದರೆ ಎಸ್ಕೇಪ್ ಮಾಡುವ, ಅಂದರೆ ಚಿಹ್ನೆಯ ವಿಶೇಷ ಅರ್ಥ ತಪ್ಪಿಸುವ, ಪ್ರಶ್ನೆಯೇ ಇಲ್ಲ. ಲೈಕ್ (ಹೋಲುವ ಪಠ್ಯದ) ಹುಡುಕಾಟದಲ್ಲಿ ಮಾತ್ರ % ಮತ್ತು _ ಚಿಹ್ನೆಗಳನ್ನು ನೀವೇ ಎಸ್ಕೇಪ್ ಮಾಡಬೇಕು.

ಡೇಟಾಬೇಸ್‌ನಲ್ಲಿ ಮೂಲ ಪಠ್ಯವೇ ಇರಲಿ. ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ (ವಿಶೇಷ ಚಿಹ್ನೆಗಳನ್ನು ಎಂಟಿಟಿ ಎಂಬ ಸಂಕೇತಗಳಾಗಿ ಬದಲಿಸುವ ಫಂಕ್ಷನ್) ಹಚ್ಚುವುದು ಪುಟಕ್ಕೆ ಎಕೋ ಮಾಡುವಾಗ (ತೋರಿಸುವಾಗ), ಒಂದೇ ಸಲ. ಉಳಿಸುವಾಗ ಒಮ್ಮೆ, ತೋರಿಸುವಾಗ ಇನ್ನೊಮ್ಮೆ ಹಚ್ಚಿದರೆ & ಇರಬೇಕಾದಲ್ಲಿ ಅದರ ಎಂಟಿಟಿ ಅಕ್ಷರಗಳೇ ಓದುಗರಿಗೆ ಕಾಣುತ್ತವೆ. ಪಿಎಚ್‌ಪಿ 8.1ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಈ ಫಂಕ್ಷನ್ ಒಂಟಿ ಉದ್ಧರಣವನ್ನು ತಾನಾಗಿ ಮುಟ್ಟುವುದಿಲ್ಲ. ಎರಡನೆಯ ಆರ್ಗ್ಯುಮೆಂಟ್ ಆಗಿ ಎಂಟ್_ಕೋಟ್ಸ್ ಕೊಡಲೇಬೇಕು. ಎಚ್‌ಟಿಎಂಎಲ್ ಟ್ಯಾಗ್‌ನ ಅಟ್ರಿಬ್ಯೂಟ್ ಮೌಲ್ಯಗಳನ್ನೂ ಯಾವಾಗಲೂ ಉದ್ಧರಣದೊಳಗೇ ಬರೆಯಿರಿ.

ನಮ್ಮ ಲಿಪಿಗಳಿಗೆ ಬರುವ ತೊಂದರೆ ಬೇರೆಯೇ. ಕನ್ನಡ, ಮಲಯಾಳಂ ಅಕ್ಷರಗಳನ್ನು ಈ ಫಂಕ್ಷನ್‌ಗಳು ಬದಲಿಸುವುದಿಲ್ಲ, ಆದರೆ ಯುಟಿಎಫ್-8ರಲ್ಲಿ ಅವುಗಳ ಪ್ರತಿ ಕೋಡ್ 3 ಬೈಟ್. ಸಾರಾಂಶ ತೋರಿಸಲೆಂದು ಸಬ್‌ಸ್ಟ್ರ್‌ನಿಂದ 100 ಬೈಟ್ ಕತ್ತರಿಸಿದರೆ ಕೊನೆಯ ಅಕ್ಷರ ಅರ್ಧಕ್ಕೆ ತುಂಡಾಗಬಹುದು. ಆಗ ಹಳೆಯ ಆವೃತ್ತಿಯ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಇಡೀ ಪಠ್ಯವನ್ನೇ ಬಿಟ್ಟು ಖಾಲಿ ಸ್ಟ್ರಿಂಗ್ ಕೊಡುತ್ತದೆ, ಯಾವ ಎಚ್ಚರಿಕೆಯೂ ಇಲ್ಲದೆ, 8.1ರಿಂದ ಈಚೆಗೆ � ಬರುತ್ತದೆ. ಬೈಟ್ ಬದಲು ಕೋಡ್‌ಗಳನ್ನು ಎಣಿಸುವ ಎಂಬಿ_ಸಬ್‌ಸ್ಟ್ರ್ ಬಳಸಿ, ಮೊದಲು ಕತ್ತರಿಸಿ, ಆಮೇಲೆ ಎಸ್ಕೇಪ್ ಮಾಡಿ. ಅದರಿಂದಲೂ ಒತ್ತಕ್ಷರ ಬೇರ್ಪಡಬಹುದು, ಹಾಗಾಗಿ ಪದ ಮುಗಿದ ಖಾಲಿ ಜಾಗದವರೆಗೆ ಹಿಂದೆ ಸರಿಯಿರಿ.

ಸ್ಕ್ರಿಪ್ಟ್ ಟ್ಯಾಗ್ ಒಳಗೆ ಹೋಗುವ ಪಠ್ಯಕ್ಕೆ ಜೇಸನ್_ಎನ್‌ಕೋಡ್ ಫಂಕ್ಷನ್, ಜೊತೆಗೆ < ಮತ್ತು > ಚಿಹ್ನೆಗಳನ್ನು ಬದಲಿಸುವ ಜೇಸನ್_ಹೆಕ್ಸ್_ಟ್ಯಾಗ್ ಬಳಸಿ. ಲಿಂಕ್‌ನ ಪ್ರಶ್ನೆಭಾಗಕ್ಕೆ ಯುಆರ್‌ಎಲ್‌ಎನ್‌ಕೋಡ್.