ಓಶನ್ ಸಿಟಿ ಬೋರ್ಡ್‌ವಾಕ್‌ನಲ್ಲಿ ಒಂದು ಸ್ಲೈಸ್ ಪಿಜ್ಜಾ

ನಾವಿರುವ ಎಡಿಸನ್‌ನಿಂದ ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಹಿಡಿದು ದಕ್ಷಿಣಕ್ಕೆ ಹೊರಟರೆ, ಸುಮಾರು ಎರಡು ಗಂಟೆಯಲ್ಲಿ ನ್ಯೂಜೆರ್ಸಿಯ ಓಶನ್ ಸಿಟಿ. 1879ರಲ್ಲಿ ಮೆಥಡಿಸ್ಟ್ ಪಾದ್ರಿಗಳು ಕಟ್ಟಿದ ಊರು ಇದು. ಇವತ್ತಿಗೂ ಅಲ್ಲಿ ಮದ್ಯ ಮಾರುವುದಿಲ್ಲ. ಬೇಸಿಗೆಯ ಸಂಜೆ ಬೋರ್ಡ್‌ವಾಕ್ ತುಂಬ ಮಕ್ಕಳು, ಅಜ್ಜ ಅಜ್ಜಿಯರು. ಒಂದು ಕಡೆ ಕಡಲು, ಇನ್ನೊಂದು ಕಡೆ ಅಂಗಡಿಸಾಲು, ನಡುವೆ ಎರಡೂವರೆ ಮೈಲಿ ಮರದ ಹಲಗೆ. ಊರಿಂದ ಅಮ್ಮ ಬಂದಾಗ ಅಲ್ಲಿಗೇ ಕರೆದುಕೊಂಡು ಹೋಗಿದ್ದೆ. ಕುಂದಾಪುರದವಳಿಗೆ ಕಡಲು ಹೊಸದಲ್ಲ. ಪಿಜ್ಜಾ ಹೊಸದು.

ಮೊದಲ ಸಲ ಹೋಗುವವರಿಗೆ ನನ್ನ ಮಾತು ಇಷ್ಟೇ: ಪ್ಲೇನ್ ಸ್ಲೈಸ್ ಕೇಳಿ. ಅಂದರೆ ಸಾಸ್ ಮತ್ತು ಚೀಸ್ ಮಾತ್ರ. ಗಾಜಿನ ಹಿಂದೆ ಹತ್ತು ಬಗೆ ಇಟ್ಟಿದ್ದರೂ ಕಣ್ಣು ಆ ಕಡೆ ಹೋಗುವುದು ಬೇಡ. ಎಲ್ಲಕ್ಕಿಂತ ಬೇಗ ಖಾಲಿಯಾಗುವುದು ಪ್ಲೇನ್. ಹಾಗಾಗಿ ಓವನ್‌ನಿಂದ ಆಗತಾನೇ ಇಳಿದದ್ದು ಸಿಗುವ ಸಾಧ್ಯತೆ ಜಾಸ್ತಿ. ಉಳಿದವು ಆಗಲೇ ಆರಿರುತ್ತವೆ, ಮತ್ತೆ ಬಿಸಿ ಮಾಡಿ ಕೊಡುತ್ತಾರೆ. ಹೊಸ ಪಿಜ್ಜಾ ಓವನ್‌ನಲ್ಲಿ ಇದ್ದರೆ ಐದು ನಿಮಿಷ ಕಾಯಿರಿ, ನಷ್ಟವಿಲ್ಲ.

ಇಲ್ಲಿಯ ಹಳೆಯ ಪಿಜ್ಜಾ ಅಂಗಡಿ ಮ್ಯಾಂಕೋ ಅಂಡ್ ಮ್ಯಾಂಕೋ. 1956ರಿಂದ ಇದೆ. ಅವರು ಮಾಡುವುದನ್ನು ನಿಂತು ನೋಡಲೇಬೇಕು. ಹಿಟ್ಟಿನ ಮೇಲೆ ಮೊದಲು ಚೀಸ್ ಹರಡುತ್ತಾರೆ. ಆಮೇಲೆ ಒಂದು ಪೈಪ್ ಹಿಡಿದು ಟೊಮೆಟೊ ಸಾಸನ್ನು ನಡುವಿನಿಂದ ಸುತ್ತುತ್ತಾ ಬಿಡುತ್ತಾರೆ. ಅಮ್ಮ ಗಾಜಿಗೆ ಮುಖ ಹಚ್ಚಿ ನೋಡಿ, "ಜಿಲೇಬಿ ಬಿಟ್ಟ ಹಾಂಗೆ ಇತ್ತಲೆ" ಅಂದಳು. ನಿಜ, ಅದೇ ಸುತ್ತು. ಸಾಸ್ ಮೇಲೇ ಇರುವುದರಿಂದ ಹುಳಿ ಮೊದಲು ನಾಲಿಗೆಗೆ ತಾಗುತ್ತದೆ, ಚೀಸ್ ಆಮೇಲೆ.

ಸಸ್ಯಾಹಾರಿಗಳಿಗೆ ಎರಡು ಮಾತು. ಪೆಪರೋನಿ ಅಂದರೆ ಮೆಣಸಿನಕಾಯಿ ಅಲ್ಲ, ಹಂದಿ ಮತ್ತು ದನದ ಮಾಂಸ. ಹೆಸರು ಕೇಳಿ ಮೋಸ ಹೋಗಬೇಡಿ. ಇನ್ನು ಮೇಲೆ ಉದುರಿಸಲು ಇಟ್ಟಿರುವ ಪಾರ್ಮೆಸಾನ್ ಚೀಸ್. ಅಸಲಿ ಪಾರ್ಮೆಸಾನ್‌ಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಕಟ್ಟುನಿಟ್ಟಾಗಿ ಇರುವವರು ಆ ಡಬ್ಬಿ ಮುಟ್ಟಬೇಡಿ, ಪಿಜ್ಜಾದ ಚೀಸ್ ಬಗ್ಗೆಯೂ ಮೊದಲೇ ಕೇಳಿಕೊಳ್ಳಿ. ಅಮ್ಮನಿಗೆ ನಾನು ಇದನ್ನೆಲ್ಲ ಕಾರಿನಲ್ಲೇ ಹೇಳಿದ್ದೆ. ತಿನ್ನುವುದು ಬಿಡುವುದು ಅವಳಿಗೇ ಸೇರಿದ್ದು, ಅಲ್ವಾ? ಅವಳು ಚಿಲ್ಲಿ ಫ್ಲೇಕ್ಸ್ ಮಾತ್ರ ಹಾಕಿಕೊಂಡಳು, ಕೈತುಂಬ.

ತಿನ್ನುವ ರೀತಿ ಹೀಗೆ. ಪೇಪರ್ ಪ್ಲೇಟಿನ ಮೇಲೆ ಒಂದು ನಿಮಿಷ ಬಿಡಿ. ಇಲ್ಲದಿದ್ದರೆ ಚೀಸ್ ಅಂಗುಳ ಸುಡುತ್ತದೆ. ಆಮೇಲೆ ಅಗಲವಾದ ತುದಿಯನ್ನು ಹೆಬ್ಬೆರಳು ಮತ್ತು ನಡುಬೆರಳಲ್ಲಿ ಹಿಡಿದು, ತೋರುಬೆರಳಿನಿಂದ ಮಧ್ಯೆ ಒತ್ತಿ ಉದ್ದಕ್ಕೆ ಮಡಚಿ. ಆಗ ಚೂಪು ತುದಿ ಜೋತು ಬೀಳುವುದಿಲ್ಲ. ಎಣ್ಣೆ ಮಡಿಕೆಯಲ್ಲೇ ಇಳಿದು ತುದಿಗೆ ಬರುತ್ತದೆ, ಅದಕ್ಕೇ ಸ್ವಲ್ಪ ಮುಂದಕ್ಕೆ ಬಗ್ಗಿ ತಿನ್ನಿ. ಚಮಚ, ಚಾಕು ಬೇಡ.

ಎಲ್ಲಕ್ಕಿಂತ ಮುಖ್ಯ, ಸೂರಿನ ಕೆಳಗೇ ನಿಂತು ತಿನ್ನಿ. ಅಲ್ಲಿಯ ಸೀಗಲ್ ಎಂಬ ಕಡಲಹಕ್ಕಿಗಳು ನಮ್ಮೂರ ಕಾಗೆಗಿಂತ ಧೈರ್ಯದವು. 2019ರಲ್ಲಿ ಅವುಗಳ ಕಾಟ ತಾಳಲಾರದೆ ಊರಿನವರು ಗಿಡುಗ, ಡೇಗೆಗಳನ್ನೇ ತರಿಸಿದ್ದರು. ಬೆಂಚಿನ ಮೇಲೆ ಕೂತು ಕಡಲು ನೋಡುತ್ತಿದ್ದ ಅಮ್ಮನ ಕೈಯಿಂದ ಒಂದು ಸೀಗಲ್ ಹಿಂದಿನಿಂದ ಬಂದು ಅರ್ಧ ಸ್ಲೈಸ್ ಕಿತ್ತುಕೊಂಡು ಹೋಯಿತು. ರೆಕ್ಕೆ ಅವಳ ಕೆನ್ನೆಗೆ ಬಡಿಯಿತು. ಪಾಪ, ನಡುಗಿಬಿಟ್ಟಳು. ಅವಳನ್ನು ಅಲ್ಲಿ ಕೂರಿಸಿದ್ದು ನಾನೇ. ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರೆ ಹಿಂದಿನಿಂದ ಬರಲು ಅದಕ್ಕೆ ಜಾಗ ಇರುತ್ತಿರಲಿಲ್ಲ. ಬಿದ್ದ ತುಣುಕನ್ನೂ ಹಕ್ಕಿಗೆ ಎಸೆಯಬೇಡಿ.

ಇನ್ನೊಂದು ತಂದುಕೊಟ್ಟೆ, ಗೋಡೆಯ ಪಕ್ಕ ನಿಂತು ತಿಂದಳು. ಮನೆಗೆ ಎರಡು ಕಟ್ಟಿಸಿಕೊಂಡೆವು. ಮರುದಿನ ಮೈಕ್ರೋವೇವ್‌ನಲ್ಲಿ ಇಟ್ಟರೆ ರಬ್ಬರ್ ಆಗುತ್ತದೆ. ಅಮ್ಮ ದೋಸೆ ಕಾವಲಿ ಇಟ್ಟು, ಸಣ್ಣ ಉರಿಯಲ್ಲಿ ಸ್ಲೈಸ್ ಹಾಕಿ, ಅಂಚಿನಲ್ಲಿ ಎರಡು ಹನಿ ನೀರು ಚಿಮುಕಿಸಿ ಮುಚ್ಚಳ ಮುಚ್ಚಿದಳು. ಮೂರು ನಿಮಿಷಕ್ಕೆ ಅಡಿ ಗರಿಗರಿ, ಮೇಲೆ ಚೀಸ್ ಮತ್ತೆ ಕರಗಿತ್ತು.