ಕ್ಯಾಮೆರಾ ಆಫ್ ಇರಲಿ, ಆಟಕ್ಕೆ ಬಂದರೆ ಸಾಕು

ಮಲ್ಲೇಶ್ವರದ ಕಡೆ ಒಂದು ಡಿಗ್ರಿ ಕಾಲೇಜಿನಲ್ಲಿ ಬಿ.ಕಾಂ. ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಶನಿವಾರದ ಕ್ಲಾಸು ಆನ್‌ಲೈನ್. ತುಮಕೂರು, ರಾಮನಗರದಿಂದ ರೈಲಿನಲ್ಲಿ ಬಂದು ಹೋಗುವವರಿಗೆ ಅದು ವರ. ಆದರೆ ಹೆಚ್ಚಿನವರ ಕೈಯಲ್ಲಿರುವುದು ಒಂದೇ ಫೋನು, ದಿನಕ್ಕಿಷ್ಟೇ ಎಂಬ ಡೇಟಾ. ಆನ್‌ಲೈನ್ ಪಾಠಕ್ಕೆ ಆಟ ಬಳಸಬೇಕೆನ್ನುವ ಮೇಷ್ಟರಿಗೆ ನನ್ನ ಮೊದಲ ಮಾತು: ಆಟ ಆರಿಸುವ ಮುಂಚೆ ನೀವೇ ಒಂದು ಫೋನಿನಲ್ಲಿ, ವೈಫೈ ಆಫ್ ಮಾಡಿ, ಆಡಿ ನೋಡಿ.

ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವ ಆಟಕ್ಕೆ ಯಾವ ಆ್ಯಪ್ಪೂ ಬೇಡ. ಗೂಗಲ್ ಫಾರ್ಮ್‌ನಲ್ಲಿ ಒಂದೇ ಪ್ರಶ್ನೆ: 0ಯಿಂದ 100ರೊಳಗೆ ಒಂದು ಸಂಖ್ಯೆ ಬರೆಯಿರಿ. ಕ್ಲಾಸಿನ ಸರಾಸರಿಯ ಮೂರನೇ ಎರಡು ಭಾಗಕ್ಕೆ ಯಾರ ಸಂಖ್ಯೆ ಹತ್ತಿರವೋ ಅವರು ಗೆದ್ದರು. ಚಾಟ್‌ನಲ್ಲಿ ಬರೆಸಬೇಡಿ, ಮುಂದಿನವರದ್ದು ನೋಡಿಕೊಂಡು ಬರೆಯುತ್ತಾರೆ. ಉತ್ತರಗಳನ್ನು ಶೀಟ್‌ಗೆ ಜೋಡಿಸಿದರೆ ಸರಾಸರಿ ತಾನಾಗಿ ಸಿಗುತ್ತದೆ.

ಎಲ್ಲರೂ ಸುಮ್ಮನೆ ಮನಸ್ಸಿಗೆ ಬಂದದ್ದು ಬರೆದರೆ ಸರಾಸರಿ 50ರ ಸುಮಾರು, ಹಾಗಾಗಿ 33 ಬರೆಯೋಣ ಎನ್ನುತ್ತಾನೆ ಒಬ್ಬ. ಎಲ್ಲರೂ ಹಾಗೇ ಯೋಚಿಸಿದರೆ? 22. ಅದರಾಚೆಗೂ ಯೋಚಿಸಿದರೆ? 15. ಹೀಗೆ ಇಳಿಯುತ್ತಾ ಸೊನ್ನೆಗೆ ಮುಟ್ಟುತ್ತದೆ. ಮಜಾ ಏನೆಂದರೆ, ಮೊದಲ ಸುತ್ತಿನಲ್ಲೇ ಸೊನ್ನೆ ಬರೆದ ಜಾಣ ಸೋಲುತ್ತಾನೆ, ಉಳಿದವರು ಅಷ್ಟು ದೂರ ಯೋಚಿಸಿರುವುದಿಲ್ಲ. ಫಲಿತಾಂಶ ತೋರಿಸಿ, ಒಂದಿಬ್ಬರಿಂದ ಕಾರಣ ಕೇಳಿ, ಮತ್ತೆ ಆಡಿಸಿ. ಸಂಖ್ಯೆಗಳು ಕೆಳಗಿಳಿಯುವುದು ಶೀಟ್‌ನಲ್ಲೇ ಕಾಣುತ್ತದೆ. ಆಗ ಸಿಲ್ಕ್ ಬೋರ್ಡ್ ಜಾಮ್ ತಪ್ಪಿಸಲು ಎಲ್ಲರೂ ಅರ್ಧ ಗಂಟೆ ಮುಂಚೆ ಹೊರಟರೆ ಏನಾಗುತ್ತದೆ ಎಂದು ಕೇಳಿ. ಮೈಕ್ ಆನ್ ಮಾಡದವರೂ ಮಾತಾಡುತ್ತಾರೆ, ಜಾಮ್ ವಿಷಯದಲ್ಲಿ ಈ ಊರಿನಲ್ಲಿ ಎಲ್ಲರೂ ಪಂಡಿತರೇ. ಹಣಕಾಸು ಮಾರುಕಟ್ಟೆಯ ಬಗ್ಗೆ ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲಿ ಹೇಳಿದ ಸೌಂದರ್ಯ ಸ್ಪರ್ಧೆಯ ಉದಾಹರಣೆಯನ್ನು (ನಿಮಗೆ ಚೆಂದ ಕಂಡ ಮುಖವನ್ನಲ್ಲ, ಉಳಿದವರು ಆರಿಸುವ ಮುಖವನ್ನು ಊಹಿಸಿದರೆ ಗೆಲುವು) ಆಮೇಲೆ ಹೇಳಿದರೆ ಸಾಕು.

ಕ್ವಿಜ್ ಬೇಕೆನ್ನುವವರಿಗೆ ಕಹೂಟ್ ಇದೆ, ಕ್ವಿಜಿಜ್ ಇದೆ. ಎರಡನೆಯದು 2015ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ್ದು, ಈಗ ವೇಗ್ರೌಂಡ್ ಎಂಬ ಹೆಸರು. ಅದರಲ್ಲಿ ಪ್ರಶ್ನೆ ನೇರ ಮಕ್ಕಳ ಫೋನಿಗೇ ಬರುತ್ತದೆ, ತಮ್ಮ ವೇಗದಲ್ಲಿ ಉತ್ತರಿಸಬಹುದು. ಕಹೂಟ್‌ನಲ್ಲಿ ಸರಿ ಉತ್ತರಕ್ಕೆ 1000ದವರೆಗೆ ಅಂಕ, ತಡವಾದಷ್ಟೂ ಕಡಿಮೆ. ಫೈಬರ್ ಇರುವ ಜಯನಗರದ ಹುಡುಗಿಯೂ ಮಾಗಡಿ ದಾಟಿದ ಹಳ್ಳಿಯ ಹುಡುಗನೂ ಸೆಕೆಂಡುಗಳಲ್ಲಿ ಪೈಪೋಟಿ ಮಾಡುವುದು ಎಲ್ಲಿಯ ನ್ಯಾಯ? ಸಮಯವನ್ನು 4 ನಿಮಿಷದವರೆಗೂ ಏರಿಸಬಹುದು, ಅಂಕವನ್ನೇ ತೆಗೆದುಬಿಡಬಹುದು. ನಾನು ತೆಗೆದುಬಿಡುತ್ತೇನೆ.

ಕ್ವಿಜ್ ಪ್ರಶ್ನೆ ಬರೆಯುವಾಗ ನಿಮ್ಮ ಶ್ರಮವೆಲ್ಲ ಸರಿ ಎನಿಸುವಂಥ ತಪ್ಪು ಆಯ್ಕೆಗಳನ್ನು ಹುಡುಕುವುದಕ್ಕೆ ಹೋಗಲಿ. 2025ರ ಫೆಬ್ರವರಿಯಲ್ಲಿ ನಮ್ಮ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಇದರಿಂದ ಮೆಟ್ರೊದ ಬೇಡಿಕೆ ರೇಖೆ (ಯಾವ ದರಕ್ಕೆ ಎಷ್ಟು ಜನ ಹತ್ತುತ್ತಾರೆ ಎಂದು ತೋರಿಸುವ ಗೆರೆ) ಎಡಕ್ಕೆ ಸರಿಯಿತೇ, ಅದೇ ರೇಖೆಯ ಮೇಲೆ ಮೇಲಕ್ಕೆ ಹೋದೆವೇ? ಬಹಳ ಮಂದಿ ಮೊದಲನೆಯದನ್ನು ಒತ್ತುತ್ತಾರೆ. ಸರಿ ಉತ್ತರ ಎರಡನೆಯದು, ಬದಲಾದದ್ದು ಮೆಟ್ರೊದ ಬೆಲೆಯೇ ತಾನೆ. ಮೆಟ್ರೊ ಬಿಟ್ಟವರು ಬಸ್ಸು ಹತ್ತುವುದರಿಂದ ಬಲಕ್ಕೆ ಸರಿಯುವುದು ಬಿಎಂಟಿಸಿ ಬಸ್ಸಿನ ಬೇಡಿಕೆ ರೇಖೆ. ಉತ್ತರ ತೋರಿಸಿ ಓಡಬೇಡಿ. ತಪ್ಪು ಒತ್ತಿದವರ ವಾದ ಕೇಳಿ, ಅಲ್ಲೇ ಹತ್ತು ನಿಮಿಷ ಹೋದರೂ ಹೋಗಲಿ. ಒಂದು ತರಗತಿಗೆ ಇಂಥ ನಾಲ್ಕೈದು ಪ್ರಶ್ನೆ ಧಾರಾಳ. ಇಪ್ಪತ್ತು ಪ್ರಶ್ನೆ ಹಾಕಿದರೆ ಅದು ಬರೀ ಸದ್ದು.

ಘಟಕ ಮುಗಿದಾಗ ಬೀಗದ ಆಟ. ಫಾರ್ಮ್‌ನಲ್ಲಿ ಲೆಕ್ಕ ಕೊಟ್ಟು, ಸರಿ ಸಂಖ್ಯೆ ತುಂಬಿದರೆ ಮಾತ್ರ ಮುಂದಿನ ಭಾಗ ತೆರೆಯುವಂತೆ ನಿಯಮ ಹಾಕಿ. ತಪ್ಪಾದಾಗ ಕಾಣುವ ಸಾಲನ್ನು ನೀವೇ ಬರೆಯಬಹುದು, ಅಲ್ಲಿ ಸುಳಿವು ಇಡಿ. ಮೂರು-ನಾಲ್ಕು ಜನರ ಗುಂಪು ಮಾಡಿ. ಗೂಗಲ್ ಮೀಟ್‌ನಲ್ಲಿ ಗುಂಪಿಗೊಂದು ಕೋಣೆ ವಿಂಗಡಿಸುವ ಸೌಲಭ್ಯ ನಿಮ್ಮ ಖಾತೆಗೆ ಇಲ್ಲದಿದ್ದರೆ ವಾಟ್ಸ್‌ಆ್ಯಪ್ ಗ್ರೂಪ್ ಕಾಲ್ ಸಾಕು.

ಇದ್ಯಾವುದನ್ನೂ ಇಂಟರ್ನಲ್ ಅಂಕಕ್ಕೆ ಜೋಡಿಸಬೇಡಿ. ಜೋಡಿಸಿದ ದಿನವೇ ಉತ್ತರಗಳು ಇನ್ನೊಂದು ಗ್ರೂಪಿನಲ್ಲಿ ಓಡಾಡುತ್ತವೆ. ಕರೆಂಟು ಹೋಗಿ ತಪ್ಪಿಸಿಕೊಂಡವರಿಗೆ ಅದೇ ಆಟದ ಲಿಂಕನ್ನು ಭಾನುವಾರ ರಾತ್ರಿಯವರೆಗೆ ತೆರೆದಿಡಿ.